ಕಲ್ಲಿನ ಮೇಲಿನ ಆಟಕ್ಕೆ ಮುಖಪುಟ ಇರಲಿಲ್ಲ

ನಮ್ಮ ವಿಜಯಪುರ ಎಂದರೆ ಗೋಳಗುಮ್ಮಟದ ವಿಜಯಪುರವಲ್ಲ. ದೇವನಹಳ್ಳಿ ತಾಲ್ಲೂಕಿನ, ಹಳಬರ ಬಾಯಲ್ಲಿ ವಡಿಗೇನಹಳ್ಳಿಯಾಗಿದ್ದ, ರೇಷ್ಮೆಯ ವಿಜಯಪುರ. ಇಲ್ಲಿ ನಮ್ಮ ಚಿಕ್ಕಪ್ಪ ನೂಲು ಬಿಚ್ಚುವ ಸಣ್ಣದೊಂದು ಘಟಕ ಇಟ್ಟುಕೊಂಡಿದ್ದಾರೆ. ಅವರ ಜೊತೆ ಒಂದೆರಡು ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಓಡಾಡಿದರೆ ಸಾಕು, ಒಂದು ವಿಷಯ ಅರ್ಥವಾಗುತ್ತದೆ. ಅನುಭವಸ್ಥ ರೀಲರ್ ಮೇಲ್ಪದರದ ಗೂಡು ನೋಡಿ ಬೆಲೆ ಕಟ್ಟುವುದಿಲ್ಲ. ರಾಶಿಯೊಳಗೆ ಮೊಣಕೈವರೆಗೂ ಕೈ ಇಳಿಸುತ್ತಾರೆ, ತಳದಿಂದ ಒಂದು ಹಿಡಿ ಎತ್ತುತ್ತಾರೆ, ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತಾರೆ, ಕಲೆ ಬಿದ್ದ ಗೂಡೆಷ್ಟು, ಜೋಡಿ ಗೂಡೆಷ್ಟು ಎಂದು ಕಣ್ಣಲ್ಲೇ ಎಣಿಸುತ್ತಾರೆ. ಆಮೇಲೆ ಮಾತು.

ಈ ಚಿಕ್ಕಪ್ಪನ ಮಗ, ನನ್ನ ತಮ್ಮ, ಕಳೆದ ವರ್ಷ ಮೊಬೈಲಿಗೆ ಒಂದು ಆಟ ಮಾಡಿದ. ಆಡು ಹುಲಿ ಆಟ: ಮೂರು ಹುಲಿ, ಹದಿನೈದು ಆಡು, ತ್ರಿಕೋನದೊಳಗೆ ಗೆರೆಗಳು, ಇಪ್ಪತ್ಮೂರು ಬಿಂದು. ಹುಲಿ ಆಡಿನ ಮೇಲೆ ಹಾರಿದರೆ ಆಡು ಸತ್ತಿತು. ಆಡುಗಳೆಲ್ಲ ಸೇರಿ ಹುಲಿಗೆ ಅಲ್ಲಾಡದಂತೆ ದಾರಿ ಕಟ್ಟಿದರೆ ಹುಲಿ ಸೋತಿತು. ಕೆಲಸದಿಂದ ಬಂದ ಮೇಲೆ ರಾತ್ರಿ ಕೂತು ಎಂಟು ತಿಂಗಳು ಬರೆದ. ಆಟ ಚೆನ್ನಾಗಿದೆ, ನಾನೇ ಸೋತಿದ್ದೇನೆ. ಅಂಗಡಿಗೆ ಹಾಕಿದ ಮೇಲೆ ಮಾತ್ರ ಮುಟ್ಟುವವರಿಲ್ಲ. ಪುಟದವರೆಗೆ ಬಂದವರು ಆಡುತ್ತಾರೆ, ಆದರೆ ಪುಟದವರೆಗೆ ಯಾರೂ ಬರುವುದಿಲ್ಲ. "ಅಕ್ಕಾ, ನೀನು ಪುಸ್ತಕದ ಕವರ್ ಮೇಲೇ ಅಲ್ವಾ ಪಿಎಚ್‌ಡಿ ಮಾಡ್ತಿರೋದು? ಇದನ್ನ ಸ್ವಲ್ಪ ನೋಡು" ಅಂದ.

ನನ್ನ ಸಂಶೋಧನೆ ಕನ್ನಡ ಪುಸ್ತಕಗಳ ರಕ್ಷಾಪುಟದ ಮೇಲೆ. ವಿಡಿಯೊ ಗೇಮಿಗೂ ಅದಕ್ಕೂ ಸಂಬಂಧ ಕಲ್ಪಿಸಿದ್ದು ಅವನು. ನೋಡಿದೆ. ಸೂರ್ಯಾಸ್ತದ ಆಕಾಶ, ಅದರ ಮುಂದೆ ಗೋಪುರ, ಗೋಪುರದ ಮುಂದೆ ಬಾಯಿ ತೆರೆದ ಹುಲಿ, ಮೇಲೆ ಚಿನ್ನದ ಬಣ್ಣದ ಉಬ್ಬಕ್ಷರದಲ್ಲಿ ಹೆಸರು. ಲ್ಯಾಪ್‌ಟಾಪಿನಲ್ಲಿ ಭರ್ಜರಿಯಾಗಿತ್ತು. ಫೋನಿನಲ್ಲಿ ಹೆಬ್ಬೆರಳ ಉಗುರಿನಷ್ಟಾದಾಗ ಕಂದು ಬಣ್ಣದ ಕಲೆಯೊಂದು ಕಂಡಿತು. ಆಡು ಒಂದೂ ಇರಲಿಲ್ಲ. "ಇದನ್ನ ನೋಡಿದ್ರೆ ಯಾವುದೋ ದೇವಸ್ಥಾನದ ಪ್ರವಾಸದ ಆ್ಯಪ್ ಅಂದ್ಕೊಳ್ತಾರೆ" ಅಂದೆ. ಅವನಿಗೆ ಬೇಸರವಾಯಿತು. ಅಲ್ಲಿಂದ ನಾನು ಆಟದ ಮುಖಪುಟಗಳ ಚರಿತ್ರೆಯ ಬೆನ್ನು ಹತ್ತಿದೆ. ಪ್ರಬಂಧದ ಅಧ್ಯಾಯವೊಂದು ಹಿಂದೆ ಬಿತ್ತು, ಮಾರ್ಗದರ್ಶಕರು ಕ್ಷಮಿಸಬೇಕು.

ಮೊದಲಿಗೆ ಹೊಳೆಯುವುದು ಇದು: ಈ ಆಟಕ್ಕೆ ಮುಖಪುಟವೇ ಇರಲಿಲ್ಲ. ನಮ್ಮ ಕಡೆಯ ಗುಡಿಯ ಜಗಲಿ, ಅರಳಿಕಟ್ಟೆ, ಛತ್ರದ ಚಪ್ಪಡಿಗಳ ಮೇಲೆ ಗೆರೆ ಕೊರೆದಿರುತ್ತಾರೆ. ಆಟ ಇದ್ದಲ್ಲಿಗೇ ಜನ ಬರುತ್ತಿದ್ದರು. ಕೂತು ಆಡುವ ಇಬ್ಬರು, ನಿಂತು ಸಲಹೆ ಕೊಡುವ ನಾಲ್ವರು. ಅದೇ ಆಟದ ಜಾಹೀರಾತು. ಮಾರಾಟವಿಲ್ಲದ ಕಡೆ ಹೊದಿಕೆ ಬೇಡ. ಆಟ ತನ್ನ ಜಾಗ ಬಿಟ್ಟು ಪೆಟ್ಟಿಗೆ ಸೇರಿ, ಗುರುತಿಲ್ಲದವರ ನಡುವೆ ಸಾಲಾಗಿ ನಿಂತ ದಿನದಿಂದ ಅದಕ್ಕೆ ಮುಖ ಬೇಕಾಯಿತು.

ಕನ್ನಡ ನಾಡಿನಲ್ಲಿ ಆಟಕ್ಕೆ ಚಿತ್ರ ಬರೆಸಿದವರ ಮಾತು ಬಂದರೆ ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ಬಿಟ್ಟು ಮುಂದೆ ಹೋಗುವಂತಿಲ್ಲ. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕ ನಿಧಿ. ಅದರಲ್ಲಿ ಇಸ್ಪೀಟಿನ ಪೂರ್ವಜ ಎನ್ನಬಹುದಾದ ಗಂಜೀಫಾ ಎಲೆಗಳ ಹಲವು ಆಟಗಳ ವಿವರವಿದೆ. ಚಾಮುಂಡೇಶ್ವರಿ ಛದ ಎಂಬ ಆಟಕ್ಕೆ 320 ಎಲೆ. ಇಷ್ಟು ಎಲೆ ಹಿಡಿದು ಅರಮನೆಯಲ್ಲಿ ಎಷ್ಟು ಜನ ನಿಜವಾಗಿ ಆಡಿದರು ಎಂಬ ಕುತೂಹಲ ನನಗಂತೂ ಇದೆ. ಅದಿರಲಿ. ನನ್ನ ಕಣ್ಣು ಹೋದದ್ದು ಚಿತ್ರಕಾರನ ಕಷ್ಟದ ಕಡೆಗೆ.

ಗಂಜೀಫಾ ಎಲೆ ಅಂಗೈಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು. ದಶಾವತಾರದ ಆಟ ತೆಗೆದುಕೊಳ್ಳಿ: ಹತ್ತು ಅವತಾರಕ್ಕೆ ಹತ್ತು ಬಣ, ಒಂದೊಂದರಲ್ಲಿ ಹನ್ನೆರಡು ಎಲೆ, ಒಟ್ಟು 120. ರಾಜನ ಎಲೆಯಲ್ಲಿ ಮತ್ಸ್ಯನೋ ನರಸಿಂಹನೋ ಕೂದಲೆಳೆಯ ಕುಂಚದಲ್ಲಿ ಮೂಡಿರುತ್ತಾನೆ. ಆದರೆ ಕೈಯಲ್ಲಿ ಬೀಸಣಿಗೆಯಂತೆ ಹರಡಿ ಹಿಡಿದಾಗ ಆಟಗಾರನಿಗೆ ಕಾಣುವುದು ಅಂಚಿನ ಒಂದು ತುಣುಕು. ಅದಕ್ಕೇ ಬಣಕ್ಕೊಂದು ಹಿನ್ನೆಲೆ ಬಣ್ಣ. ಮೊದಲು ಬಣ್ಣ ಗುರುತು ಸಿಗುತ್ತದೆ, ಆಮೇಲೆ ಶಂಖವೋ ಕೊಡಲಿಯೋ ಎಷ್ಟಿವೆ ಎಂಬ ಎಣಿಕೆ, ಬಿಡುವಿದ್ದರೆ ಕೊನೆಗೆ ಕುಸುರಿ. ಈ ಕಲೆಯನ್ನು ನಮ್ಮ ಕಾಲಕ್ಕೆ ತಂದು ಉಳಿಸಿದ ರಘುಪತಿ ಭಟ್ಟರ ಎಲೆಗಳ ಅಚ್ಚುಗಳನ್ನು ಮೇಜಿನ ಮೇಲೆ ಹರಡಿ, ಎದ್ದು ಬಾಗಿಲವರೆಗೆ ನಡೆದು ತಿರುಗಿ ನೋಡಿದೆ. ಮುಖಗಳೆಲ್ಲ ಅಳಿಸಿಹೋಗಿದ್ದವು, ಬಣಗಳು ಬೇರೆಬೇರೆಯಾಗಿಯೇ ನಿಂತಿದ್ದವು. ತಮ್ಮನ ಹುಲಿ ಈ ಪರೀಕ್ಷೆಯಲ್ಲಿ ಬಿದ್ದುಹೋಗಿತ್ತು.

ಗಂಜೀಫಾದಲ್ಲಿ ಚಿತ್ರವೇ ಆಟದ ಸಾಧನ, ಅಲ್ಲಿ ಸುಳ್ಳಿಗೆ ಎಡೆಯಿಲ್ಲ. ಒಳಗಿರುವುದು ಒಂದು, ಹೊರಗೆ ಕಾಣುವುದು ಇನ್ನೊಂದು ಎಂಬ ಸ್ಥಿತಿ ಬರುವುದು ಮುದ್ರಿತ ಲೇಬಲ್ಲಿನ ಕಾಲಕ್ಕೆ. ಬೆಂಕಿಪೊಟ್ಟಣದ ಮೇಲಿನ ನವಿಲಿಗೂ ಒಳಗಿನ ಕಡ್ಡಿಗೂ ಏನು ಸಂಬಂಧ? ಮೈಸೂರು ಸ್ಯಾಂಡಲ್ ಸೋಪಿನ ಮೇಲೆ ಸಿಂಹದ ಮೈ, ಆನೆಯ ತಲೆಯ ಶರಭವಿದೆ. ಸಾಬೂನನ್ನು ಆಭರಣದ ಪೆಟ್ಟಿಗೆಯಂಥ ಡಬ್ಬಿಯಲ್ಲಿಟ್ಟು ಕೊಟ್ಟರು. ಯಾರೂ ಮೋಸ ಅನ್ನಲಿಲ್ಲ. ಸಾಬೂನು ಕೊಳ್ಳುವವರಿಗೆ ಅದರಿಂದ ಏನು ಮಾಡಬೇಕೆಂದು ಮೊದಲೇ ಗೊತ್ತು. ಹೊಸ ಆಟ ಕೊಳ್ಳುವವರಿಗೆ ಅದು ಗೊತ್ತಿಲ್ಲ. ಆಟದ ಮುಖಪುಟದ ತೊಡಕು ಶುರುವಾಗುವುದೇ ಇಲ್ಲಿ.

1977ರಲ್ಲಿ ಅಮೆರಿಕದ ಅಟಾರಿ ಕಂಪನಿ ಟಿವಿಗೆ ಜೋಡಿಸುವ ಆಟದ ಯಂತ್ರವನ್ನು ತಂದಿತು. ಜೊತೆಗೆ ಕೊಟ್ಟ ಕಾರ್ಟ್ರಿಡ್ಜ್‌ನ ಹೆಸರು 'ಕಾಂಬ್ಯಾಟ್'. ಪರದೆಯ ಮೇಲೆ ಕಾಣುತ್ತಿದ್ದದ್ದು ಒಂದಿಷ್ಟು ಚೌಕಗಳು. ಅದೇ ಟ್ಯಾಂಕು, ಅದೇ ವಿಮಾನ. ಪೆಟ್ಟಿಗೆಯ ಮೇಲೆ ಮಾತ್ರ ಕ್ಲಿಫ್ ಸ್ಪೋನ್ ಎಂಬ ಕಲಾವಿದ ಬರೆದ ವರ್ಣಚಿತ್ರ: ಗುಡುಗುತ್ತಿರುವ ಟ್ಯಾಂಕುಗಳು, ಹಾರುವ ವಿಮಾನಗಳು, ಎಲ್ಲವೂ ಒಂದರೊಳಗೊಂದು ಬೆರೆತು. ಒಂದೇ ಕಾರ್ಟ್ರಿಡ್ಜ್‌ನಲ್ಲಿ 27 ಬಗೆಯ ಆಟವಿದ್ದುದರಿಂದ ಚಿತ್ರವೂ ಹಲವು ದೃಶ್ಯಗಳ ಹೆಣಿಗೆಯಾಯಿತು. ಇದನ್ನು ವಂಚನೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತೊಗಲುಗೊಂಬೆಯ ಪರದೆಯ ಮೇಲೆ ಒಂದು ಕೊಂಬೆ ಕಂಡರೆ ನಾವು ಕಾಡು ಅಂದುಕೊಳ್ಳುವುದಿಲ್ಲವೇ? ಆ ಪೆಟ್ಟಿಗೆಯ ಚಿತ್ರ ಮಗುವಿಗೆ, ಈ ಚೌಕವನ್ನು ಏನೆಂದು ಭಾವಿಸಬೇಕು ಅಂತ ಹೇಳಿಕೊಡುತ್ತಿತ್ತು.

ಆದರೆ ಅಂತರ ಎಲ್ಲಿಯವರೆಗೆ ಸಹ್ಯ? 1983ರ ಹೊತ್ತಿಗೆ ಅಮೆರಿಕದ ಗೇಮ್ ಮಾರುಕಟ್ಟೆ ಕುಸಿಯಿತು. ಕಾರಣ ಹಲವು, ಪೆಟ್ಟಿಗೆ ನೋಡಿ ಕೊಂಡು ಮನೆಯಲ್ಲಿ ಬೈದುಕೊಂಡವರು ಅದರಲ್ಲಿ ಕಡಿಮೆಯೇನಲ್ಲ. 1985ರಲ್ಲಿ ಜಪಾನಿನ ನಿಂಟೆಂಡೊ ಅದೇ ಅಮೆರಿಕಕ್ಕೆ ಕಾಲಿಟ್ಟಾಗ ತನ್ನ ಮೊದಲ ಕಂತಿನ ಆಟಗಳನ್ನು ಕಪ್ಪು ಪೆಟ್ಟಿಗೆಯಲ್ಲಿ ಇಟ್ಟಿತು. ಮೇಲೆ ವರ್ಣಚಿತ್ರವಿಲ್ಲ, ಪರದೆಯ ಮೇಲೆ ಕಾಣುವ ಅದೇ ಚೌಕಚೌಕದ ಬೊಂಬೆ, ದೊಡ್ಡದು ಮಾಡಿ. ಒಳಗಿನ ಗೂಡನ್ನೇ ಮೇಲಕ್ಕೆ ಹಾಕಿ ತೋರಿಸಿದ ಹಾಗೆ. ಎಲ್ಲರೂ ಈ ದಾರಿ ಹಿಡಿಯಲಿಲ್ಲ. 1987ರ 'ಮೆಗಾ ಮ್ಯಾನ್' ಅಮೆರಿಕಕ್ಕೆ ಬಂದಾಗ ಅದರ ಹೊದಿಕೆಯಲ್ಲಿ ಆಟದ ನೀಲಿ ಹುಡುಗನ ಬದಲು ಪಿಸ್ತೂಲು ಹಿಡಿದ, ಸೊಟ್ಟ ಕಾಲಿನ ನಡುವಯಸ್ಕನೊಬ್ಬ ನಿಂತಿದ್ದ. ಆ ಚಿತ್ರ ಎಷ್ಟು ಕುಖ್ಯಾತವಾಯಿತೆಂದರೆ, 2012ರಲ್ಲಿ ಕಂಪನಿಯೇ ತನ್ನ ಇನ್ನೊಂದು ಆಟದಲ್ಲಿ ಆ ಮನುಷ್ಯನನ್ನು ಪಾತ್ರ ಮಾಡಿ ತನ್ನನ್ನೇ ಗೇಲಿ ಮಾಡಿಕೊಂಡಿತು.

ತಮ್ಮನ ಗೋಪುರಕ್ಕೆ ಹತ್ತಿರದ ಸಂಬಂಧಿ ಮಾತ್ರ ಬೇರೆಯದು: 'ಟೆಟ್ರಿಸ್'. 1984ರಲ್ಲಿ ಮಾಸ್ಕೊದಲ್ಲಿ ಅಲೆಕ್ಸಿ ಪಜಿತ್ನೋವ್ ಮಾಡಿದ ಈ ಆಟದಲ್ಲಿ ಕಥೆಯಿಲ್ಲ, ಪಾತ್ರವಿಲ್ಲ. ಮೇಲಿನಿಂದ ಬೀಳುವ ತುಂಡುಗಳನ್ನು ಸಾಲಾಗಿ ಕೂರಿಸುವುದಷ್ಟೇ. ಇದಕ್ಕೆ ಏನಂತ ಚಿತ್ರ ಬರೆಯುವುದು? ಅಮೆರಿಕದ ಮಾರಾಟಗಾರರು ಕೆಂಪು ಪೆಟ್ಟಿಗೆ ಮಾಡಿ ಮೇಲೆ ಮಾಸ್ಕೊದ ಸೇಂಟ್ ಬೆಸಿಲ್ ಚರ್ಚಿನ ಗುಮ್ಮಟಗಳನ್ನು ಕೂರಿಸಿದರು. ಶೀತಲ ಸಮರ ಇನ್ನೂ ಮುಗಿದಿರದ ಕಾಲದಲ್ಲಿ ಅದು ಸೋವಿಯತ್ ನಾಡಿನಿಂದ ಬಂದ ಕುತೂಹಲದ ವಸ್ತುವಾಗಿ ಮಾರಾಟವಾಯಿತು. ಆಟಕ್ಕೂ ಗುಮ್ಮಟಕ್ಕೂ ಸಂಬಂಧವಿಲ್ಲ. ಆಟ ಹುಟ್ಟಿದ ಊರಿಗೆ ಉಂಟು. ಹೊರಗಿನವರಿಗೆ ಹೊರಗಿನವರು ಮಾರುವಾಗ ಊರನ್ನು ಮುಂದಿಡುವುದು ಕೆಲಸ ಮಾಡೀತು. ನಾವೇ ನಮ್ಮ ಜಗಲಿಯ ಆಟಕ್ಕೆ ಗೋಪುರ ಅಂಟಿಸಿದರೆ? ದಿನಾ ಆ ಕಲ್ಲಿನ ಮೇಲೆ ಕೂತು ಆಡಿದವರಿಗೆ ತಲೆಯೆತ್ತಿ ಗೋಪುರ ನೋಡಲು ಪುರಸೊತ್ತೆಲ್ಲಿತ್ತು? ಅವರ ಕಣ್ಣು ಹುಲಿಯ ಮೇಲಿತ್ತು. 'ಪರಂಪರೆಯ ಆಟ' ಎಂದು ಮುಖಪುಟದಲ್ಲಿ ಸಾರಿಕೊಂಡ ಕೂಡಲೇ ಅದು ಆಡುವ ವಸ್ತುವಿನಿಂದ ಗೌರವಿಸುವ ವಸ್ತುವಾಗಿಬಿಡುತ್ತದೆ. ಗೌರವ ಸಿಕ್ಕ ಆಟಗಳನ್ನು ಜನ ಡೌನ್‌ಲೋಡ್ ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಏನು ತೋರಿಸಬೇಕು? ನನಗೆ ಉತ್ತರ ಸಿಕ್ಕಿದ್ದು 2001ರ 'ಇಕೊ' ಎಂಬ ಆಟದ ಎರಡು ಮುಖಪುಟಗಳಲ್ಲಿ. ಕೋಟೆಯಲ್ಲಿ ಸಿಕ್ಕಿಬಿದ್ದ ಕೊಂಬಿನ ಹುಡುಗನೊಬ್ಬ ಒಬ್ಬ ಹುಡುಗಿಯ ಕೈಹಿಡಿದು ಪಾರು ಮಾಡುವುದು ಆಟ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಅವಳ ಕೈ ನಿಮ್ಮ ಕೈಯಲ್ಲಿ. ಅಮೆರಿಕದ ಹೊದಿಕೆಯಲ್ಲಿ ಹುಡುಗನ ಮುಖ ದೊಡ್ಡದಾಗಿ, ಕೈಯಲ್ಲಿ ಕೋಲು. ಎಂದಿನ ಸಾಹಸದ ಆಟದ ಹಾಗೆ. ಜಪಾನ್ ಮತ್ತು ಯುರೋಪಿನ ಹೊದಿಕೆಯನ್ನು ಆಟದ ನಿರ್ದೇಶಕ ಫುಮಿಟೊ ಉಎಡಾ ತಾನೇ ಬರೆದ, ಇಟಲಿಯ ಚಿತ್ರಕಾರ ಜಾರ್ಜೊ ಡಿ ಕಿರಿಕೊನ ಪ್ರಭಾವದಲ್ಲಿ: ಬಿಸಿಲು, ಉದ್ದ ನೆರಳು, ಕಟ್ಟಡಗಳ ನಡುವೆ ಇರುವೆಗಳಂತೆ ಎರಡು ಜೀವ, ಕೈಕೈ ಹಿಡಿದು ಓಡುತ್ತಿವೆ. ಅಮೆರಿಕದಲ್ಲಿ ಆಟ ಓಡದಿರಲು ಆ ಹೊದಿಕೆಯೇ ಕಾರಣ ಎಂದು ದೂರಿದವರು ಬಹಳ. ಅಷ್ಟು ಸರಳ ಲೆಕ್ಕವನ್ನು ನಾನು ನಂಬುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದಂತೂ ಕಾಣುತ್ತದೆ. ಮೊದಲನೆಯದು ಆಟದಲ್ಲಿ ಯಾರಿದ್ದಾರೆ ಎಂದು ಹೇಳುತ್ತದೆ. ಎರಡನೆಯದು ನೀವು ಏನು ಮಾಡುತ್ತೀರಿ ಎಂದು. ವ್ಯಾಕರಣದ ಮೇಷ್ಟರ ಮಾತಲ್ಲಿ, ಒಂದು ನಾಮಪದ, ಇನ್ನೊಂದು ಕ್ರಿಯಾಪದ.

ಇದೆಲ್ಲ ಕೈಯಲ್ಲಿ ಹಿಡಿಯುವ ಪೆಟ್ಟಿಗೆಗಳ ಕಾಲದ ಮಾತು. 2008ರ ಮೇ ತಿಂಗಳಲ್ಲಿ ನಮ್ಮ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅದೇ ಜುಲೈ 10ರಂದು ಆ್ಯಪಲ್‌ನ ಆ್ಯಪ್ ಸ್ಟೋರ್ ತೆರೆಯಿತು. ನಮ್ಮೂರಿನ ಹುಡುಗರ ಬದುಕನ್ನು ಎರಡರಲ್ಲಿ ಯಾವುದು ಹೆಚ್ಚು ಬದಲಿಸಿತು ಎಂದು ಹೇಳುವುದು ಕಷ್ಟ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರ್ಯಾಕ್ಟಿವ್ ಶುರುವಾಗಿ, ಹೊರದೇಶದ ದೊಡ್ಡ ಆಟಗಳಿಗೆ ನಮ್ಮವರು ಚಿತ್ರಕೆಲಸ ಮಾಡಿಕೊಡುತ್ತಿದ್ದರು. ಹೊಸ ಅಂಗಡಿಗಳು ಬಂದ ಮೇಲೆ ವಿಜಯಪುರದ ಒಂದು ಕೋಣೆಯಲ್ಲಿ ಕೂತವನೂ ತನ್ನದೇ ಆಟವನ್ನು ಜಗತ್ತಿನ ಮುಂದಿಡಬಹುದು. ಇಡಬಹುದು, ಸರಿ, ಆದರೆ ಎಷ್ಟು ಜನರ ನಡುವೆ? ಕಂಪ್ಯೂಟರ್ ಆಟಗಳ ಅಂಗಡಿಯಾದ ಸ್ಟೀಮ್‌ನಲ್ಲಿ 2017ರಿಂದ ನೂರು ಡಾಲರ್ ಕಟ್ಟಿದ ಯಾರು ಬೇಕಾದರೂ ಆಟ ಇಡಬಹುದು. 2024 ಒಂದೇ ವರ್ಷ ಅಲ್ಲಿಗೆ ಬಂದ ಆಟಗಳು 18 ಸಾವಿರಕ್ಕೂ ಹೆಚ್ಚು. ದಿನಕ್ಕೆ ಐವತ್ತರ ಹತ್ತಿರ.

ಈ ಜಾತ್ರೆಯಲ್ಲಿ ಮುಖಪುಟ ಕುಗ್ಗುತ್ತಾ ಹೋಯಿತು. ಸ್ಟೀಮ್‌ನವರು ಈ ಚಿತ್ರಕ್ಕೆ 'ಕ್ಯಾಪ್ಸೂಲ್' ಎನ್ನುತ್ತಾರೆ. ಗುಳಿಗೆ ಎಂಬ ಹೆಸರೇ ಗಾತ್ರವನ್ನು ಹೇಳುತ್ತದೆ. ಅದರ ಸಣ್ಣ ನಮೂನೆ ಬಹುಕಾಲ ಇದ್ದದ್ದು 231 ಪಿಕ್ಸೆಲ್ ಅಗಲ, 87 ಎತ್ತರ. ಅದರಲ್ಲಿ ಹೆಸರೇ ಹೆಚ್ಚುಕಡಿಮೆ ಪೂರ್ತಿ ತುಂಬಿರಲಿ ಎಂದು ಅಂಗಡಿಯವರ ಸಲಹೆ. ಗೂಗಲ್ ಪ್ಲೇಯ ಗುರುತುಚಿತ್ರ 512ಕ್ಕೆ 512, ಅದೂ ಫೋನಿನಲ್ಲಿ ಗುಂಡಿಯಷ್ಟಾಗುತ್ತದೆ. ಗುಂಡಿಯಷ್ಟು ಜಾಗದಲ್ಲಿ ಗಮನ ಸೆಳೆಯುವುದು ಹೇಗೆ? 2009ರ 'ಆ್ಯಂಗ್ರಿ ಬರ್ಡ್ಸ್' ಹುಬ್ಬು ಗಂಟಿಕ್ಕಿದ ಕೆಂಪು ಹಕ್ಕಿಯ ಮುಖ ಇಟ್ಟಿತು. 2012ರ 'ಕ್ಲ್ಯಾಶ್ ಆಫ್ ಕ್ಲಾನ್ಸ್' ಬಾಯಿಬಿಟ್ಟು ಕಿರುಚುವ ಮೀಸೆಯವನನ್ನು ಇಟ್ಟಿತು. ಅದು ಓಡಿತು, ಆಮೇಲೆ ಅಂಗಡಿಯ ತುಂಬ ಕಿರುಚುವ ಮುಖಗಳು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಎದುರಿನ ಕಟೌಟುಗಳೂ ಓಡುವ ಬಸ್ಸಿನ ಕಿಟಕಿಯಿಂದ ಕಾಣಬೇಕೆಂದು ಬೆಳೆದವು. ಎಲ್ಲರೂ ಒಟ್ಟಿಗೆ ಕಿರುಚಿದರೆ ಸುಮ್ಮನಿರುವವನೇ ಎದ್ದು ಕಾಣುತ್ತಾನೆ. 2013ರ 'ಫ್ಲಾಪಿ ಬರ್ಡ್'ನ ಪೆದ್ದು ಹಕ್ಕಿ ಅದಕ್ಕೆ ಸಾಕ್ಷಿ.

ಕಿರುಚುವುದು ಮಿತಿ ಮೀರಿದಾಗ ಕಟ್ಟಳೆಗಳು ಬಂದವು. ಆಟದ ಹೆಸರಿನಲ್ಲೂ ಗುರುತುಚಿತ್ರದಲ್ಲೂ 'ನಂಬರ್ ಒನ್' ಎಂಬಂಥ ಮಾತು ಹಾಕಬಾರದೆಂದು 2021ರಲ್ಲಿ ಗೂಗಲ್ ಪ್ಲೇ ಹೇಳಿತು. ಕ್ಯಾಪ್ಸೂಲ್ ಮೇಲೆ ವಿಮರ್ಶೆಯ ಸಾಲು, ಪ್ರಶಸ್ತಿ, ರಿಯಾಯಿತಿಯ ಬೊಬ್ಬೆ ಕೂಡದೆಂದು 2022ರಲ್ಲಿ ಸ್ಟೀಮ್ ಹೇಳಿತು. ಅದಕ್ಕೂ ಮುಂಚೆ, 2020ರಲ್ಲಿ, ಬ್ರಿಟನ್ನಿನ ಜಾಹೀರಾತು ನಿಯಂತ್ರಕರು 'ಹೋಮ್‌ಸ್ಕೇಪ್ಸ್' ಮತ್ತು 'ಗಾರ್ಡನ್‌ಸ್ಕೇಪ್ಸ್' ಆಟಗಳ ಜಾಹೀರಾತುಗಳನ್ನು ತಡೆದಿದ್ದರು. ಜಾಹೀರಾತಿನಲ್ಲಿ ಸಲಾಕೆ ಎಳೆಯುವ ಒಗಟು. ಆಟಕ್ಕೆ ಹೋದರೆ ಬಹುಪಾಲು ಬಣ್ಣದ ತುಂಡು ಹೊಂದಿಸುವ ಕೆಲಸ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಬದಲಾವಣೆ 2015ರ ಜೂನ್‌ನದು. ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಎಂದು ಸ್ಟೀಮ್ ಒಪ್ಪಿಕೊಂಡಿತು. ಗೂಡಿನ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸುವ ಹಕ್ಕು ಕೊನೆಗೂ ಕೊಳ್ಳುವವನಿಗೆ ಸಿಕ್ಕಿತು.

ಇಷ್ಟನ್ನೆಲ್ಲ ತಮ್ಮನಿಗೆ ಒಂದು ಭಾನುವಾರ ಹೇಳಿದೆ. ಅವನು ಆಕಳಿಸುತ್ತ ಕೇಳಿ, "ಅದೆಲ್ಲ ಸರಿ ಅಕ್ಕಾ, ಹೆಸರು ಕನ್ನಡದಲ್ಲಿ ಹಾಕ್ಲೋ ಇಂಗ್ಲಿಷಲ್ಲೋ?" ಅಂದ. ಇಷ್ಟು ಓದಿದ ನಾನು ಯೋಚಿಸಿರದ ಪ್ರಶ್ನೆ. ಕನ್ನಡ ಅಕ್ಷರ ಗುಂಡಗೆ, ಅಗಲ. ಅದಕ್ಕಿಂತ ಹೆಚ್ಚಾಗಿ ಒತ್ತಕ್ಷರ ಗೆರೆಯಿಂದ ಕೆಳಗಿಳಿಯುತ್ತದೆ. 87 ಪಿಕ್ಸೆಲ್ ಎತ್ತರದ ಪಟ್ಟಿಯಲ್ಲಿ ಒತ್ತಿಗೆ ಜಾಗ ಬಿಟ್ಟರೆ ಮೇಲಿನ ಅಕ್ಷರ ಸಣ್ಣದಾಗುತ್ತದೆ, ಬಿಡದಿದ್ದರೆ ಒತ್ತು ಕತ್ತರಿಸಿ ಹೋಗುತ್ತದೆ. ಪುಸ್ತಕದ ರಕ್ಷಾಪುಟ ಬರೆಯುವವರಿಗೆ ಇದು ಹಳೆಯ ತಲೆನೋವು, ಆದರೆ ಅವರಿಗೆ ಕೈತುಂಬ ಜಾಗವಿರುತ್ತದೆ. ಹಾಳೆ ತೆಗೆದುಕೊಂಡು ನಮ್ಮ ಆಟಗಳ ಹೆಸರು ಬರೆಯುತ್ತಾ ಹೋದೆವು. ಪಗಡೆ. ಚೌಕಾಬಾರ. ಅಳಗುಳಿಮಣೆ. ಲಗೋರಿ. ಬುಗುರಿ. ಗೋಲಿ. ಆಡು ಹುಲಿ. ಒಂದರಲ್ಲೂ ಒತ್ತಕ್ಷರವಿಲ್ಲ! ಚಿನ್ನಿದಾಂಡು, ಕುಂಟೆಬಿಲ್ಲೆಗಳಲ್ಲಿ ಬರುತ್ತದೆ ನಿಜ, ಅವು ಹೇಗೂ ಬಯಲಿನ ಆಟಗಳು, ಜಾಗಕ್ಕೆ ಬರವಿಲ್ಲ ಎಂದು ಇಬ್ಬರೂ ನಕ್ಕೆವು. ಹೆಸರು ಕನ್ನಡದಲ್ಲೇ ಉಳಿಯಿತು. ಗೂಗಲ್ ಪ್ಲೇಯಲ್ಲಿ ಕನ್ನಡದ ಪುಟಕ್ಕೆ ಬೇರೆಯೇ ಚಿತ್ರ ಏರಿಸಲು ಅವಕಾಶವಿದೆ ಎಂಬುದೂ ಆಗ ತಿಳಿಯಿತು.

ಎರಡನೇ ಚಿತ್ರದಲ್ಲಿ ಗೋಪುರ ಹೋಗಿ ಹುಲಿ ಉಳಿಯಿತು. ಅದು ಕಿರುಚುವ ಮುಖಗಳ ಸಾಲಿಗೆ ಸೇರಿಕೊಂಡಿತು, ಬಿಟ್ಟೆವು. ಮೂರನೆಯದಕ್ಕೆ ವಾರ ಹಿಡಿಯಿತು. ಹಿನ್ನೆಲೆ ಪೂರ್ತಿ ಹಸಿರು, ಗಂಜೀಫಾ ಬಣದ ಹಾಗೆ ಒಂದೇ ಬಣ್ಣ. ಮೂರೇ ಮೂರು ಗೆರೆ, ಬಿಳಿ. ಒಂದು ಹುಲಿ, ಕೆಂಪು, ಬಾಯಿ ಮುಚ್ಚಿದೆ. ಅದರ ಎದುರು ಗೆರೆಯ ಮೇಲೆ ಆಡುಗಳು, ನಡುವೆ ಒಂದು ಬಿಂದು ಖಾಲಿ. ಬಾಗಿಲವರೆಗೆ ನಡೆದು ತಿರುಗಿ ನೋಡಿದೆ, ಕಂಡಿತು.

ಸಂಜೆ ಚಿಕ್ಕಪ್ಪ ಘಟಕದಿಂದ ಬಂದರು, ಕೈಯಲ್ಲಿ ಇನ್ನೂ ಬೇಯಿಸಿದ ಗೂಡಿನ ವಾಸನೆ. ಕನ್ನಡಕವಿಲ್ಲದೆ ಫೋನನ್ನು ತೋಳಿನುದ್ದಕ್ಕೆ ಹಿಡಿದು ನೋಡಿದರು. ಚೆನ್ನಾಗಿದೆ ಅನ್ನಲಿಲ್ಲ.

"ಈ ಮೂಲೆ ಆಡು ಇಲ್ಯಾಕೆ ಇಟ್ಟಿದ್ದೀಯ? ಹುಲಿ ಹಾರಲ್ವೇನೋ? ಆ ಖಾಲಿ ಮನೆ ಮೊದ್ಲು ಮುಚ್ಚು."

"ಅಪ್ಪಾ, ಅದು ಆಟ ಅಲ್ಲ, ಬರೀ ಚಿತ್ರ."

ಚಿಕ್ಕಪ್ಪ ಕೇಳಿಸಿಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಆ ಆಡನ್ನು ಪಕ್ಕಕ್ಕೆ ತಳ್ಳಲು ನೋಡುತ್ತಿದ್ದರು.